ನಂದಿ ಬೆಟ್ಟ ಇಳಿಯುವಾಗ ಗೇರ್ ಇಳಿಸಬೇಕಾ, ಬ್ರೇಕ್ ತುಳಿಯಬೇಕಾ?

ಎಲ್‌ಬೋರ್ಡ್_ಚಿಕ್ಕಬಳ್ಳಾಪುರ:

ಎಲ್ಲರಿಗೂ ನಮಸ್ಕಾರ. ನನ್ನದು 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರ್, ಮ್ಯಾನ್ಯುಯಲ್. ಲೈಸೆನ್ಸ್ ಹೊಸದು. ಊರೊಳಗೆ, ಬಾಗೇಪಲ್ಲಿ ಕಡೆ ಹೆದ್ದಾರಿಯಲ್ಲಿ ಓಡಿಸೋಕೆ ತೊಂದರೆ ಇಲ್ಲ. ಮುಂದಿನ ವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗಬೇಕು. ಹತ್ತೋದರ ಬಗ್ಗೆ ಹೆದರಿಕೆ ಇಲ್ಲ, ಇಳಿಯೋದೇ ಯೋಚನೆ.

ಡ್ರೈವಿಂಗ್ ಸ್ಕೂಲ್‌ನಲ್ಲಿ ಹೇಳಿದ್ದು: "ಸ್ಪೀಡ್ ಕಮ್ಮಿ ಮಾಡೋಕೆ ಯಾವಾಗಲೂ ಗೇರ್ ಇಳಿಸಿ, ಬ್ರೇಕ್ ಕೊನೆಗೆ." ಮನೆಯಲ್ಲಿ ಹೇಳೋದು: "ಗೇರ್ ಮೇಲೆ ಕಾರು ನಿಲ್ಲಿಸಿದರೆ ಕ್ಲಚ್ ಹೋಗುತ್ತೆ, ಬ್ರೇಕ್ ಇರೋದೇ ಅದಕ್ಕೆ." ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತೆ ಅಂತ ಇನ್ನೊಬ್ಬರು. ಯಾವುದು ಸರಿ? ಕಾರಣ ಸಮೇತ ಹೇಳಿದರೆ ಉಪಕಾರ.

---

ಕಾರಹಳ್ಳಿ_ಕ್ರಾಸ್:

ನಿಮಗೆ ಹೇಳಿದವರಲ್ಲಿ ಮೊದಲ ಇಬ್ಬರೂ ಅರ್ಧರ್ಧ ಸರಿ. ಸ್ಕೂಲ್‌ನವರ ಮಾತು ಬೆಟ್ಟಕ್ಕೆ ಸರಿ, ಮನೆಯವರ ಮಾತು ಬಯಲಿಗೆ ಸರಿ. ನ್ಯೂಟ್ರಲ್ ಅಂದವರ ಮಾತು ಎಲ್ಲೂ ಸರಿಯಲ್ಲ.

ಬಯಲಲ್ಲಿ ಸಿಗ್ನಲ್‌ಗೋ ಹಂಪ್‌ಗೋ ನಿಧಾನ ಮಾಡೋದು ಹತ್ತು ಸೆಕೆಂಡಿನ ಕೆಲಸ. ಬ್ರೇಕ್ ಬಿಸಿಯಾಗುತ್ತೆ, ಮತ್ತೆ ಓಡುವಾಗ ಗಾಳಿಗೆ ಆರುತ್ತೆ. ಇಳಿಜಾರಿನಲ್ಲಿ ಹಾಗಲ್ಲ. ಕಾಲು ಎತ್ತಿದ ಕೂಡಲೇ ಕಾರು ತಾನೇ ಓಟ ಕಿತ್ತುಕೊಳ್ಳುತ್ತೆ, ಹಾಗಾಗಿ ಬ್ರೇಕಿಗೆ ಆರೋಕೆ ಬಿಡುವೇ ಸಿಗಲ್ಲ.

ಲೆಕ್ಕ ಹಾಕಿ ನೋಡಿ. ಕಾರು 900 ಕೆ.ಜಿ., ನಾಲ್ಕು ಜನ 300 ಕೆ.ಜಿ., ಒಟ್ಟು 1200. ನಂದಿಯ ತಲೆ ಸಮುದ್ರಮಟ್ಟದಿಂದ 1478 ಮೀಟರ್. ಘಾಟಿ ರಸ್ತೆಯಲ್ಲಿ 400 ಮೀಟರ್ ಇಳಿತ, 7 ಕಿ.ಮೀ. ದೂರ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. 1200 × 9.8 × 400 ಅಂದರೆ ಸುಮಾರು 47 ಲಕ್ಷ ಜೂಲ್. ಟೈರ್ ಉರುಳುವಿಕೆ, ಗಾಳಿ ಸೇರಿ ಹತ್ತು ಲಕ್ಷದಷ್ಟು ತಿಂದರೂ ಮಿಕ್ಕಿದ್ದು 36–37 ಲಕ್ಷ. ಅದನ್ನು ಹದಿನೈದು ನಿಮಿಷಕ್ಕೆ ಹಂಚಿದರೆ 4 ಕಿಲೋವಾಟ್. ಅಂದರೆ 2 ಕಿಲೋವಾಟಿನ ಎರಡು ಗೀಸರ್ ಕಾಲು ಗಂಟೆ ಬಿಡದೆ ಉರಿದ ಹಾಗೆ.

ಈ ಬಿಸಿಯಲ್ಲಿ ಮುಕ್ಕಾಲು ಭಾಗದ ಹತ್ತಿರ ಮುಂದಿನ ಎರಡು ಡಿಸ್ಕಿಗೇ (ಬ್ರೇಕ್ ಪ್ಯಾಡ್ ಹಿಡಿಯುವ ಕಬ್ಬಿಣದ ತಟ್ಟೆ) ಹೋಗುತ್ತೆ. ಒಂದೊಂದು ಡಿಸ್ಕ್ 5 ಕೆ.ಜಿ. ಕಬ್ಬಿಣ ಅಂದುಕೊಂಡರೆ, ಗಾಳಿಗೆ ಆರದೇ ಇದ್ದಲ್ಲಿ 500 ಡಿಗ್ರಿ ದಾಟುವಷ್ಟು ಶಾಖ ಅದು. ನಿಜದಲ್ಲಿ ಗಾಳಿ ಬೀಸಿ ಅಷ್ಟಕ್ಕೆ ಹೋಗಲ್ಲ, ಆದರೆ ಯಾವ ದಿಕ್ಕಿಗೆ ಹೋಗ್ತಿದೆ ಅನ್ನೋದು ಗೊತ್ತಾಯಿತಲ್ಲ.

ಅದೇ ಬಿಸಿಯನ್ನು ಎಂಜಿನ್‌ಗೆ ಕೊಟ್ಟರೆ? ಎಕ್ಸಲರೇಟರ್ ಬಿಟ್ಟಾಗ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಮುಚ್ಚಿಕೊಳ್ಳುತ್ತೆ. ಮುಚ್ಚಿದ ಬಾಗಿಲಿನಿಂದ ಪಿಸ್ಟನ್‌ಗಳು ಗಾಳಿ ಎಳೆಯೋಕೆ ಒದ್ದಾಡಬೇಕು, ಜೊತೆಗೆ ಒಳಗಿನ ಘರ್ಷಣೆ. 2500 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 1.2 ಲೀಟರ್ ಪೆಟ್ರೋಲ್ ಎಂಜಿನ್ ಆ 4 ಕಿಲೋವಾಟಿನ ಬಹುಪಾಲನ್ನು ತಾನೇ ನುಂಗುತ್ತೆ. ಆ ಬಿಸಿ ರೇಡಿಯೇಟರ್, ಸೈಲೆನ್ಸರ್ ದಾರಿಯಲ್ಲಿ ಹೊರಗೆ ಹೋಗುತ್ತೆ. ಎಂಜಿನ್ ಅದಕ್ಕೆಂದೇ ಕಟ್ಟಿದ್ದು, ದಿನವಿಡೀ ಮಾಡಿದರೂ ಸವೆಯಲ್ಲ.

ಹಾಗಾಗಿ ಘಾಟಿಯಲ್ಲಿ ವೇಗ ಹಿಡಿದಿಡೋದು ಗೇರಿನ ಕೆಲಸ, ತಿರುವಿಗೆ ಮುಂಚೆ ಸ್ವಲ್ಪ ಕತ್ತರಿಸೋದು ಬ್ರೇಕಿನ ಕೆಲಸ.

ಯಾವ ಗೇರು? "ಹತ್ತೋಕೆ ಯಾವುದೋ ಇಳಿಯೋಕೂ ಅದೇ" ಅನ್ನೋ ಹಳೇ ಮಾತು ನಿಮ್ಮ ಕಾರಿಗೆ ಸರಿಹೋಗುತ್ತೆ. ಟರ್ಬೊ ಕಾರುಗಳು ಮೂರರಲ್ಲೇ ಹತ್ತಿಬಿಡುತ್ತವೆ, ಅವು ಇಳಿಯುವಾಗ ಎರಡು ಕೇಳುತ್ತವೆ. ಪರೀಕ್ಷೆ ಸುಲಭ: ಎಕ್ಸಲರೇಟರ್, ಬ್ರೇಕ್ ಎರಡೂ ಪೆಡಲ್‌ನಿಂದ ಕಾಲು ತೆಗೆಯಿರಿ. ವೇಗ ತಾನಾಗಿ ಏರುತ್ತಾ ಹೋದರೆ ಗೇರ್ ಇನ್ನೊಂದು ಇಳಿಯಬೇಕು. ಎಕ್ಸಲರೇಟರ್ ಒತ್ತಬೇಕು ಅನ್ನಿಸಿದರೆ ಒಂದು ಏರಿಸಬಹುದು.

---

ಮೂರನೇ_ಗೇರು:

ಕಾರಹಳ್ಳಿಯವರು ಹೇಳಿದ್ದಕ್ಕೆ ಒಂದು ತಕರಾರು. ಬಯಲಲ್ಲೂ ಗೇರ್ ಇಳಿಸುತ್ತಾ ಬಂದರೆ ಏನು ನಷ್ಟ? 5, 4, 3, 2 ಅಂತ ಬಂದರೆ ಬ್ರೇಕ್ ಪ್ಯಾಡ್ ಎರಡರಷ್ಟು ಬಾಳುತ್ತೆ. ಗಾಡಿ ಸದಾ ಹಿಡಿತದಲ್ಲಿರುತ್ತೆ. ಲಾರಿ ಡ್ರೈವರ್‌ಗಳೆಲ್ಲ ಹೀಗೇ ಓಡಿಸೋದು.

---

ಕ್ಲಚ್_ಬಿಚ್ಚೋರು:

ಅಣ್ಣ, ಪ್ಯಾಡ್ ಉಳಿಯುತ್ತೆ, ಸುಳ್ಳಲ್ಲ. ಆದರೆ ಏನನ್ನು ಕೊಟ್ಟು ಏನನ್ನು ಉಳಿಸ್ತಿದ್ದೀರಿ ಅಂತ ನೋಡಿ.

ಮುಂದಿನ ಪ್ಯಾಡ್ ಬದಲಾಯಿಸೋಕೆ ಚಕ್ರ ಬಿಚ್ಚಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಬೋಲ್ಟ್ ತೆಗೆದು, ಪಿಸ್ಟನ್ ಹಿಂದಕ್ಕೆ ಒತ್ತಿ, ಹೊಸ ಪ್ಯಾಡ್ ಕೂರಿಸಿದರೆ ಮುಗಿಯಿತು. ಕೈ ಪಳಗಿದವರಿಗೆ ಒಂದು ಗಂಟೆ ಕೂಡ ಬೇಡ. ಕ್ಲಚ್ ಪ್ಲೇಟ್ ಬದಲಾಯಿಸೋಕೆ ಆಕ್ಸಲ್ ಎಳೆದು, ಗೇರ್‌ಬಾಕ್ಸ್ ಪೂರ್ತಿ ಕೆಳಗಿಳಿಸಬೇಕು. ಅಷ್ಟು ಬಿಚ್ಚಿದ ಮೇಲೆ ಪ್ಲೇಟ್ ಒಂದೇ ಹಾಕೋದು ದಡ್ಡತನ. ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಜೊತೆಗೇ ಹಾಕಬೇಕು. ಪ್ಯಾಡಿನ ಖರ್ಚಿಗಿಂತ ಹಲವು ಪಟ್ಟು ಆಗುತ್ತೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಗೇರಿನಲ್ಲಿ ಇರೋದರಿಂದ ಕ್ಲಚ್ ಸವೆಯಲ್ಲ. ಕ್ಲಚ್ ಪೂರ್ತಿ ಕಚ್ಚಿಕೊಂಡಿದ್ದರೆ ಅಲ್ಲಿ ಜಾರುವಿಕೆಯೇ ಇಲ್ಲ. ಸವೆಯೋದು ಗೇರ್ ಬದಲಿಸಿ ಕ್ಲಚ್ ಬಿಡುವ ಆ ಒಂದು ಕ್ಷಣದಲ್ಲಿ, ಅದೂ ಎಂಜಿನ್ ನಿಧಾನ ತಿರುಗ್ತಾ ಇದ್ದು ಚಕ್ರ ಅದನ್ನು ಎಳೆದು ಮೇಲೆತ್ತಬೇಕಾದಾಗ. 40ರಲ್ಲಿ ಮೂರರಿಂದ ಎರಡಕ್ಕೆ ಹಾಕಿ, ಎಂಜಿನ್ ಐಡಲ್‌ನಲ್ಲಿರುವಾಗ ಹಾಫ್ ಕ್ಲಚ್‌ನಲ್ಲಿ ಎಳೆದುಕೊಂಡು ಬಂದರೆ, ಕಾರಿನ ವೇಗ ಇಳಿಸಿದ್ದು ಎಂಜಿನ್ ಅಲ್ಲ, ಕ್ಲಚ್ ಪ್ಲೇಟಿನ ಲೈನಿಂಗ್. ಪ್ಯಾಡ್ ಸವೆಯೋ ಬದಲು ಪ್ಲೇಟ್ ಸವೆಯಿತು, ಅಷ್ಟೇ.

ಘಾಟಿಯಲ್ಲಿ ಒಂದು ಸಲ ಎರಡಕ್ಕೆ ಹಾಕಿದರೆ ಕಿಲೋಮೀಟರ್‌ಗಟ್ಟಲೆ ಅದೇ ಗೇರು. ಊರೊಳಗೆ ನೀವು ಹೇಳಿದ ಹಾಗೆ ಓಡಿಸಿದರೆ ಒಂದು ಸಿಗ್ನಲ್‌ಗೆ ಮೂರು ಸಲ ಕ್ಲಚ್. ಬಿ.ಬಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ಎಣಿಸಿ ನೋಡಿ.

ಲಾರಿ ಮಾತು ಬೇರೆ. ಹತ್ತಿಪ್ಪತ್ತು ಟನ್ ಹೊತ್ತ ಗಾಡಿಗೆ ಬ್ರೇಕ್ ಡ್ರಮ್ ಬಿಸಿಯೇ ದೊಡ್ಡ ಶತ್ರು. ಡೀಸೆಲ್ ಎಂಜಿನ್‌ಗೆ ಥ್ರಾಟಲ್ ಮುಚ್ಚಿ ಗಾಳಿ ತಡೆಯುವ ಹಿಡಿತ ಇಲ್ಲ, ಅದಕ್ಕೇ ಲಾರಿಗಳಿಗೆ ಸೈಲೆನ್ಸರ್ ದಾರಿ ಮುಚ್ಚುವ ಎಕ್ಸಾಸ್ಟ್ ಬ್ರೇಕ್ ಬೇರೆಯಾಗಿ ಕೊಟ್ಟಿರೋದು.

ಬಯಲಿಗೆ ನನ್ನ ಕ್ರಮ ಇದು: ಸಿಗ್ನಲ್ ಕಂಡಾಗ ಎಕ್ಸಲರೇಟರ್ ಬಿಡಿ, ಇರುವ ಗೇರಿನಲ್ಲೇ ಬ್ರೇಕ್ ಹಿಡಿಯಿರಿ, ಆರ್‌ಪಿಎಂ 1000ದ ಹತ್ತಿರ ಬಂದಾಗ ಕ್ಲಚ್ ಒತ್ತಿ. ನಿಮ್ಮಂಥ ಕಾರಿನಲ್ಲಿ ಅದು ಐದನೇ ಗೇರಿಗೆ ಹೆಚ್ಚುಕಡಿಮೆ 37, ನಾಲ್ಕಕ್ಕೆ 30, ಮೂರಕ್ಕೆ 22 ಕಿ.ಮೀ. ವೇಗ. ನಿಂತರೆ ಒಂದನೇ ಗೇರು. ಅಷ್ಟರಲ್ಲಿ ಹಸಿರು ಬಿದ್ದರೆ ಆಗಿನ ವೇಗಕ್ಕೆ ತಕ್ಕ ಗೇರು, ನಡುವಿನದನ್ನು ಹಾರಿಸಿದರೂ ತಪ್ಪಿಲ್ಲ. ಕ್ಲಚ್ ತುಂಬಾ ಮುಂಚೆ ಒತ್ತಿಬಿಟ್ಟರೆ ಎಂಜಿನ್ ಹಿಡಿತ ಪುಕ್ಕಟೆ ಸಿಗುತ್ತಿದ್ದದ್ದನ್ನು ಕಳೆದುಕೊಂಡ ಹಾಗೆ.

---

ಮೂರನೇ_ಗೇರು:

ಹಾಫ್ ಕ್ಲಚ್ ಮಾತು ಒಪ್ಪಿದೆ. ಆದರೆ ರೇಸ್ ಕೊಟ್ಟು ಸರಿಯಾಗಿ ಇಳಿಸಿದರೆ ಕ್ಲಚ್ ಸವೆತ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದನ್ನೂ ಹೇಳಿ.

---

ಕ್ಲಚ್_ಬಿಚ್ಚೋರು:

ಅದು ನಿಜ. ಹೊಸಬರಿಗೆ ಮೊದಲ ದಿನವೇ ಬರಲ್ಲ ಅಂತ ಬಿಟ್ಟೆ.

---

ಎಲ್‌ಬೋರ್ಡ್_ಚಿಕ್ಕಬಳ್ಳಾಪುರ:

ಅದೇ ಕೇಳೋಣ ಅಂತಿದ್ದೆ. ಮೂರರಿಂದ ಎರಡಕ್ಕೆ ಹಾಕಿದಾಗ ಕಾರು ಮುಗ್ಗರಿಸಿದ ಹಾಗೆ ಆಗುತ್ತೆ, ಎಂಜಿನ್ ಕಿರುಚುತ್ತೆ. ರೇಸ್ ಎಷ್ಟು ಕೊಡಬೇಕು, ಯಾವಾಗ ಕೊಡಬೇಕು?

---

ಕಾರಹಳ್ಳಿ_ಕ್ರಾಸ್:

ಮುಗ್ಗರಿಸೋದು ಯಾಕೆ ಅಂದರೆ ಒಂದೇ ವೇಗಕ್ಕೆ ಎರಡು ಗೇರಿನಲ್ಲಿ ಎಂಜಿನ್ ಬೇರೆ ಬೇರೆ ಸುತ್ತಬೇಕು. ನಿಮ್ಮ ತರಹದ ಚಿಕ್ಕ ಪೆಟ್ರೋಲ್ ಕಾರಿನಲ್ಲಿ ಅಂದಾಜು ಹೀಗೆ: 40 ಕಿ.ಮೀ. ವೇಗಕ್ಕೆ ಮೂರನೇ ಗೇರಿನಲ್ಲಿ 1800, ಎರಡರಲ್ಲಿ 2700, ಒಂದರಲ್ಲಿ 5000 ಆರ್‌ಪಿಎಂ. ಮೂರರಿಂದ ಎರಡಕ್ಕೆ ಅಂದರೆ ಒಂದೂವರೆ ಪಟ್ಟು. ಕ್ಲಚ್ ಒತ್ತಿದ ಕ್ಷಣ ಎಂಜಿನ್ 1000ಕ್ಕೆ ಬಿದ್ದಿರುತ್ತೆ, ಬಿಟ್ಟಾಗ 2700ಕ್ಕೆ ಏರಬೇಕು. ಆ ಜಿಗಿತ ನಿಮ್ಮ ಬೆನ್ನಿಗೆ ಗೊತ್ತಾಗುತ್ತೆ.

ಕ್ರಮ: ಮೊದಲು ಬ್ರೇಕ್ ಹಿಡಿದು 30–35ಕ್ಕೆ ಬನ್ನಿ. ಬ್ರೇಕ್ ಬಿಡಿ. ಕ್ಲಚ್ ಪೂರ್ತಿ ಒತ್ತಿ. ಗೇರನ್ನು ಮೂರರಿಂದ ಎರಡಕ್ಕೆ ಎಳೆಯಿರಿ, ಗುದ್ದಬೇಡಿ. ಗೇರುಗಳ ಸುತ್ತನ್ನು ಸರಿಹೊಂದಿಸುವ ಸಿಂಕ್ರೊ ಉಂಗುರಕ್ಕೆ ಅರ್ಧ ಸೆಕೆಂಡ್ ಕೊಟ್ಟರೆ ತಾನೇ ಒಳಗೆ ಬೀಳುತ್ತೆ. ಕ್ಲಚ್ ಇನ್ನೂ ಒಳಗಿರುವಾಗಲೇ ಬಲಗಾಲಿನಿಂದ ಎಕ್ಸಲರೇಟರ್‌ಗೆ ಒಂದು ತಟ್ಟು. 35ರಲ್ಲಿ ಎರಡನೇ ಗೇರಿಗೆ ಸುಮಾರು 2300 ಬೇಕು, ಸೂಜಿ ಅಲ್ಲಿಗೆ ಏರಿ ಇಳಿಯೋಕೆ ಶುರುವಾಗುವಾಗ ಕ್ಲಚ್ ಬಿಡಿ. ಸರಿಯಾಗಿದ್ದರೆ ಏನೂ ಗೊತ್ತಾಗಲ್ಲ, ಹಿಂದೆ ಮಲಗಿದ ಮಗು ಏಳಲ್ಲ. ಕಾರು ತಡೆದ ಹಾಗಾಗಿ ನಿಮ್ಮ ಮೈ ಮುಂದಕ್ಕೆ ವಾಲಿದರೆ ರೇಸ್ ಕಮ್ಮಿ ಆಯಿತು, ಕಾರೇ ಮುಂದಕ್ಕೆ ನೂಕಿದರೆ ಜಾಸ್ತಿ ಆಯಿತು. ಬಯಲಿನ ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ಮಾಡಿ ನೋಡಿ, ಕಿವಿಗೆ ಹತ್ತುತ್ತೆ.

ರೇಸ್ ಬರಲಿಲ್ಲ ಅಂದರೂ ಚಿಂತೆ ಬೇಡ. ಬ್ರೇಕಿನಿಂದ 20–25ಕ್ಕೆ ಇಳಿಸಿ ಆಮೇಲೆ ಎರಡಕ್ಕೆ ಹಾಕಿದರೆ ವ್ಯತ್ಯಾಸವೇ ಸಣ್ಣದು, ಕ್ಲಚ್ ನಿಧಾನ ಬಿಟ್ಟರೆ ಸಾಕು.

ಎರಡು ಎಚ್ಚರಿಕೆ ಮಾತ್ರ ಮರೆಯಬೇಡಿ. ಒಂದು, ಗೇರ್ ಇಳಿಸೋದು ಇಳಿಜಾರು ಶುರುವಾಗುವ ಮುಂಚೆ. ಬೆಟ್ಟದ ಮೇಲಿನ ಪಾರ್ಕಿಂಗ್‌ನಿಂದ ಹೊರಡುವಾಗಲೇ ಎರಡಕ್ಕೆ ಬಂದು ಅಲ್ಲೇ ಇರಿ. ನಡು ಇಳಿಜಾರಿನಲ್ಲಿ ಕ್ಲಚ್ ಒತ್ತಿದರೆ ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ, ಗಾಬರಿಯಲ್ಲಿ ಗೇರ್ ಬೀಳದಿದ್ದರೆ ನೀವು ನ್ಯೂಟ್ರಲ್‌ನಲ್ಲಿ ಇದ್ದೀರಿ ಅಂತಲೇ ಲೆಕ್ಕ. ಎರಡು, 60ರಲ್ಲಿ ಹೋಗುವಾಗ ಒಂದನೇ ಗೇರಿಗೆ ಕೈ ಹಾಕಬೇಡಿ. ಅಲ್ಲಿ ಎಂಜಿನ್ 7400 ಸುತ್ತಬೇಕಾಗುತ್ತೆ, ಕೆಂಪು ಗೆರೆ ಇರೋದು 6000ದ ಆಸುಪಾಸು. ಎಂಜಿನ್ ಸುತ್ತು ಮಿತಿ ಮೀರದಂತೆ ನೋಡುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಚಕ್ರ ಎಂಜಿನ್ನನ್ನು ತಿರುಗಿಸೋದನ್ನು ಅದು ತಡೆಯಲ್ಲ. ವಾಲ್ವ್ ಪಿಸ್ಟನ್‌ಗೆ ಬಡಿದರೆ ಎಂಜಿನ್ ಬಿಚ್ಚಬೇಕು.

---

ಶಿಡ್ಲಘಟ್ಟ_ಸರ್ಕಲ್:

ನ್ಯೂಟ್ರಲ್ ವಿಷಯ ಯಾರೂ ಪೂರ್ತಿ ಹೇಳಲಿಲ್ಲ. ಕಾರ್ಬುರೇಟರ್ ಕಾಲದ ಲೆಕ್ಕ ಅದು. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟರೆ, ಆರ್‌ಪಿಎಂ ಐಡಲ್‌ಗಿಂತ ಸಾಕಷ್ಟು ಮೇಲಿರುವ ತನಕ ಇಂಜೆಕ್ಟರ್ ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತೆ. ಚಕ್ರವೇ ಎಂಜಿನ್ ತಿರುಗಿಸ್ತಾ ಇರುತ್ತೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ನಿಲ್ಲದಿರೋಕೆ ಪೆಟ್ರೋಲ್ ಬೇಕೇ ಬೇಕು, ಗಂಟೆಗೆ ಮುಕ್ಕಾಲು ಲೀಟರ್ ಅಂದುಕೊಂಡರೂ ಹದಿನೈದು ನಿಮಿಷಕ್ಕೆ ಒಂದು ಲೋಟ. ಅಂದರೆ ಉಳಿಸೋಕೆ ಹೋಗಿ ಸುಟ್ಟಿರಿ.

ಕೀ ಆಫ್ ಮಾಡಿ ಉರುಳಿಸುವವರೂ ಇದ್ದಾರೆ. ಬ್ರೇಕ್ ಪೆಡಲ್ ಒತ್ತೋಕೆ ನೆರವಾಗುವ ಬೂಸ್ಟರ್ ಎಂಜಿನ್ನಿನ ವ್ಯಾಕ್ಯೂಮ್‌ನಲ್ಲಿ ನಡೆಯೋದು. ಎಂಜಿನ್ ನಿಂತರೆ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಉಳಿದಿರುತ್ತೆ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟೀರಿಂಗ್ ಸತ್ತಿರುತ್ತೆ. ಕೀ ತೆಗೆದರೆ ಸ್ಟೀರಿಂಗ್ ಲಾಕ್. ಇದನ್ನು ಯಾರಾದರೂ ಹೇಳಿಕೊಟ್ಟರೆ ಅವರ ಕಾರಿನಲ್ಲಿ ಕೂರಬೇಡಿ.

ನಂದಿಯ ಬೆಳಗಿನ ಮಂಜಿನ ಬಗ್ಗೆಯೂ ಒಂದು ಮಾತು. ರಸ್ತೆ ಒದ್ದೆ ಇರುತ್ತೆ, ತಿರುವಿನಲ್ಲಿ ಎಲೆ ಬಿದ್ದಿರುತ್ತೆ. ಅಲ್ಲಿ ರೇಸ್ ಇಲ್ಲದೆ ಗೇರ್ ಇಳಿಸಿ ಕ್ಲಚ್ ತಟ್ಟನೆ ಬಿಟ್ಟರೆ ಮುಂದಿನ ಚಕ್ರಗಳು ಕ್ಷಣಕಾಲ ಜಾರುತ್ತವೆ, ಸ್ಟೀರಿಂಗ್ ಹೇಳಿದ ಕಡೆ ಹೋಗಲ್ಲ. ಎಬಿಎಸ್ ಇದೆ ಅನ್ನೋ ಧೈರ್ಯ ಇಲ್ಲಿ ಕೆಲಸಕ್ಕೆ ಬರಲ್ಲ. ಎಬಿಎಸ್ ಬಿಡಿಸೋದು ಬ್ರೇಕಿನ ಒತ್ತಡವನ್ನು, ಎಂಜಿನ್ನಿನ ಎಳೆತವನ್ನಲ್ಲ. ಒದ್ದೆ ರಸ್ತೆಯಲ್ಲಿ ವೇಗ ಕಡಿಮೆ ಮಾಡೋದು ಬ್ರೇಕಿನಿಂದ, ತಿರುವಿಗೆ ಮುಂಚೆ, ಸ್ಟೀರಿಂಗ್ ನೆಟ್ಟಗಿರುವಾಗ.

ಇನ್ನೊಂದು: ಎಂಜಿನ್ ಹಿಡಿತದಿಂದ ನಿಧಾನವಾದರೆ ಹಿಂದಿನ ಕೆಂಪು ದೀಪ ಹತ್ತಲ್ಲ. ಹೆದ್ದಾರಿ 44ರಲ್ಲಿ ಬಾಲ ಹಿಡಿದುಕೊಂಡು ಬರುವವರಿಗೆ ನೀವು ನಿಧಾನವಾದದ್ದು ಗೊತ್ತಾಗೋದು ಡಿಕ್ಕಿಗೆ ಬಂದ ಮೇಲೆ. ಬ್ರೇಕ್ ಪೆಡಲ್‌ಗೆ ಸುಮ್ಮನೆ ಕಾಲು ತಾಗಿಸಿ ದೀಪ ಹತ್ತಿಸಿ.

---

ಟೊಮೆಟೊ_ಗಾಡಿ:

ಚಿಕ್ಕ ಪಿಕಪ್‌ಗೂ ಇದೇ ಲೆಕ್ಕವಾ ಸಾರ್? ಕೋಲಾರ ಮಂಡಿಗೆ 15 ಕೆ.ಜಿ. ಬಾಕ್ಸ್ 50 ಹಾಕ್ತೀವಿ. ಹಿಂದಿನ ಚಕ್ರ ಎಳೆಯೋ ಗಾಡಿ.

---

ಕ್ಲಚ್_ಬಿಚ್ಚೋರು:

750 ಕೆ.ಜಿ. ಲೋಡ್ ಅಂದರೆ ಖಾಲಿ ಗಾಡಿಯ ತೂಕಕ್ಕೆ ಹತ್ತಿರ ಹತ್ತಿರ ಇನ್ನೊಂದು ಗಾಡಿ ಮೇಲೆ ಕೂತ ಹಾಗೆ. ತೂಕ ಎರಡರಷ್ಟಾದರೆ ಇಳಿಜಾರಿನಲ್ಲಿ ಬ್ರೇಕ್ ನುಂಗಬೇಕಾದ ಬಿಸಿಯೂ ಎರಡರಷ್ಟು. ಬ್ರೇಕ್ ಮಾತ್ರ ಅಷ್ಟೇ. ಖಾಲಿ ಇದ್ದಾಗ ಮೂರರಲ್ಲಿ ಇಳಿದ ಜಾಗಕ್ಕೆ ಲೋಡ್ ಇದ್ದಾಗ ಎರಡು, ಕಡಿದಾದ ಕಡೆ ಒಂದು. ಮಳೆಯಲ್ಲಿ ಖಾಲಿ ಬರುವಾಗ ಹೆಚ್ಚು ಎಚ್ಚರ ಬೇಕು: ಹಿಂದೆ ತೂಕವಿಲ್ಲ, ಗೇರ್ ತಟ್ಟನೆ ಇಳಿಸಿದರೆ ಎಂಜಿನ್ ಹಿಡಿಯೋದು ಹಿಂದಿನ ಚಕ್ರವನ್ನೇ, ಬಾಲ ಪಕ್ಕಕ್ಕೆ ಬೀಸುತ್ತೆ. ಕಿರಿದಾದ ಕಡೆ ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ನಿಯಮವೇ ಹಾಗಿದೆ.

---

ಎಲ್‌ಬೋರ್ಡ್_ಚಿಕ್ಕಬಳ್ಳಾಪುರ:

ಎಲ್ಲರಿಗೂ ಧನ್ಯವಾದ. ಭಾನುವಾರ ಸಾಲುಗಟ್ಟಿ ಇಳಿಯುವಾಗ ಎರಡನೇ ಗೇರಿನಲ್ಲೂ ಜಾಸ್ತಿ ಆದರೆ? ಹೊರಡೋ ಮುಂಚೆ ಏನಾದರೂ ನೋಡಬೇಕಾ? ಬ್ರೇಕ್ ಬಿಸಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?

---

ಕ್ಲಚ್_ಬಿಚ್ಚೋರು:

ಸಾಲಿನಲ್ಲಿ ಒಂದನೇ ಗೇರು. ಐಡಲ್‌ನಲ್ಲಿ ಅದು 6–7 ಕಿ.ಮೀ. ವೇಗಕ್ಕೆ ಹಿಡಿದುಕೊಳ್ಳುತ್ತೆ. ಒಂದಕ್ಕೆ ಹಾಕುವ ಮುಂಚೆ ನಡಿಗೆ ವೇಗಕ್ಕೆ ಬಂದಿರಿ. ಮುಂದಿನವರಿಂದ ಎರಡು ಕಾರಿನಷ್ಟು ಜಾಗ ಬಿಟ್ಟರೆ ಕ್ಲಚ್ ಮುಟ್ಟುವ ಅಗತ್ಯವೇ ಕಡಿಮೆ.

ಸಾಲಿಲ್ಲದಾಗ ಬ್ರೇಕ್ ಹಿಡಿಯುವ ರೀತಿ: ಉದ್ದಕ್ಕೂ ಮೆಲ್ಲಗೆ ಕಾಲಿಟ್ಟುಕೊಂಡು ಬರಬೇಡಿ. 35 ದಾಟಿತಾ, ಗಟ್ಟಿಯಾಗಿ ಒತ್ತಿ 25ಕ್ಕೆ ತನ್ನಿ, ಪೂರ್ತಿ ಬಿಡಿ. ಮತ್ತೆ 35 ಆದಾಗ ಮತ್ತೊಮ್ಮೆ. ಹಾಗೆ ಬಿಟ್ಟಾಗಲೆಲ್ಲ ಪ್ಯಾಡ್ ಮತ್ತು ಡಿಸ್ಕ್ ಮಧ್ಯೆ ಗಾಳಿ ಆಡಿ ಬಿಸಿ ಕಳೆಯುತ್ತೆ.

ಬ್ರೇಕ್ ಸೋಲೋದು ಎರಡು ಥರ, ಎರಡನ್ನೂ ಕಾಲೇ ಹೇಳುತ್ತೆ. ಪೆಡಲ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಕಾರು ನಿಲ್ಲಲ್ಲ, ಸುಟ್ಟ ವಾಸನೆ ಇದೆ: ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ನೆಲಕ್ಕೆ ಹೋಗುತ್ತೆ: ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ. ಆವಿ ಅದುಮಿಕೊಳ್ಳುತ್ತೆ, ಒತ್ತಡ ಕ್ಯಾಲಿಪರ್ ಮುಟ್ಟಲ್ಲ. ಎರಡನೆಯದು ಹೆಚ್ಚು ಭಯಾನಕ, ಮುನ್ಸೂಚನೆ ಕಮ್ಮಿ.

ಅದಕ್ಕೇ ಆಯಿಲ್ ನೋಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 140 ಮಾತ್ರ. ಡಾಟ್ 4ಕ್ಕೆ 230, ತೇವ ಹೀರಿದರೆ 155. ಮುಚ್ಚಳದ ಮೇಲೆ ಯಾವುದು ಬರೆದಿದೆಯೋ ಅದನ್ನೇ ಹಾಕಿಸಿ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಡಬ್ಬಿಗೆ ಮೇಲಿಂದ ತುಂಬಿಸೋದು ಬದಲಾಯಿಸಿದ ಹಾಗಲ್ಲ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಬೇಕು, ಅಂದರೆ ಹಳೇ ಆಯಿಲ್ ಹೊರಗೆ ಬಿಡಬೇಕು. ಪ್ಯಾಡಿನ ಲೈನಿಂಗ್ 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬೆಟ್ಟಕ್ಕೆ ಹೋಗುವ ಮುಂಚೆಯೇ ಬದಲಾಯಿಸಿ. ತೆಳು ಪ್ಯಾಡ್ ಬಿಸಿಯನ್ನು ಬೇಗ ಆಯಿಲ್‌ಗೆ ದಾಟಿಸುತ್ತೆ.

ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ಬ್ರೇಕ್ ಪೆಡಲ್ ಒತ್ತಿಕೊಂಡು ಕೂರಬೇಡಿ, ಕಾದ ಪ್ಯಾಡ್ ಡಿಸ್ಕಿಗೆ ಅಂಟಿದಂತಾಗಿ ಕಲೆ ಕೂರುತ್ತೆ, ಆಮೇಲೆ ಬ್ರೇಕ್ ಹಿಡಿದಾಗೆಲ್ಲ ಸ್ಟೀರಿಂಗ್ ನಡುಗುತ್ತೆ. ನೀರು ಸುರಿಯಲೇಬೇಡಿ, ಕಾದ ಡಿಸ್ಕ್ ಬಿರುಕು ಬಿಡಬಹುದು. ಅರ್ಧ ಗಂಟೆ ಕಾಯಿರಿ.

ಪೆಡಲ್ ನೆಲಕ್ಕೇ ಹೋಗಿಬಿಟ್ಟರೆ: ಬೇಗ ಬೇಗ ಪಂಪ್ ಮಾಡಿ, ಸ್ವಲ್ಪ ಒತ್ತಡ ವಾಪಸ್ ಬರಬಹುದು. ಒಂದು ಗೇರ್ ಇಳಿಸಿ, ವೇಗ ಬಿದ್ದ ಮೇಲೆ ಇನ್ನೊಂದು. ಹ್ಯಾಂಡ್ ಬ್ರೇಕ್‌ನ ಗುಂಡಿ ಒತ್ತಿಕೊಂಡೇ ಮೆಲ್ಲಗೆ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಲಾಕ್ ಆಗುತ್ತೆ. ಎಂಜಿನ್ ಆಫ್ ಮಾಡಬೇಡಿ. ಕಣಿವೆ ಕಡೆ ಬಿಟ್ಟು ಬೆಟ್ಟದ ಗೋಡೆ ಕಡೆ ಇರಿ.

---

ಮೂರನೇ_ಗೇರು:

ಕೆಳಗೆ ಬಂದ ಮೇಲೆ ಕೂಡಲೇ ಟೀ ಅಂಗಡಿ ಮುಂದೆ ನಿಲ್ಲಿಸಬೇಡಿ. ಬ್ರೇಕ್ ಅಷ್ಟಾಗಿ ಮುಟ್ಟದೆ ಒಂದೆರಡು ಕಿ.ಮೀ. ಮೆಲ್ಲಗೆ ಓಡಿಸಿ, ಗಾಳಿಗೆ ಡಿಸ್ಕ್ ಆರಲಿ. ಆಮೇಲೆ ಇಳಿದು ಮುಂದಿನ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಆ ಕಡೆಯ ಕ್ಯಾಲಿಪರ್ ಪಿಸ್ಟನ್ ಅಥವಾ ಪಿನ್ ಜಾಮ್ ಆಗಿರಬಹುದು. ಅದಕ್ಕೂ ನೀವು ಗೇರ್ ಇಳಿಸಿದ್ದಕ್ಕೂ ಸಂಬಂಧ ಇಲ್ಲ, ಬಿಚ್ಚಿಸಿ ಸರಿಮಾಡಿಸಬೇಕು.